ಸೋರದ ದೋಣಿ

"ಇಳೀತ ನೋಡ್ರಿ ಅಯ್ಯನೋರ! ದೋಣಿ ಹೊಳಿಗಿ ಇಳೀತು!"

ಸಿಂಧನೂರಿನ ಎಣ್ಣೆ ಮಿಲ್ಲಿನ ಒಡೆಯರಾದ ಅಮರಗುಂಡಪ್ಪನವರು ಮೊಣಕಾಲುದ್ದ ನೀರಿನಲ್ಲಿ ನಿಂತು ಕೂಗುತ್ತಿದ್ದರು. ಧೋತರ ತೊಯ್ದು ತೊಪ್ಪೆಯಾದರೂ ಅವರಿಗೆ ಖಬರಿರಲಿಲ್ಲ. ಐವತ್ತು ದಾಟಿದ ಗಂಡಸು ಹೀಗೆ ನಗುವುದನ್ನು ನಾನು ಕೋರ್ಟಿನಲ್ಲಿ ಕಂಡವನಲ್ಲ. ಅಲ್ಲಿ ಗೆದ್ದವರೂ ಹುಬ್ಬು ಗಂಟಿಕ್ಕಿಕೊಂಡೇ ಹೊರಗೆ ಬರುತ್ತಾರೆ.

ಎರಡು ಜೋಡಿ ಎತ್ತುಗಳು ಮೋಟಾರು ದೋಣಿಯನ್ನು ಶೆಡ್ಡಿನಿಂದ ಉರುಳುಗಟ್ಟಿಗೆಗಳ ಮೇಲೆ ಎಳೆದು ತಂದಿದ್ದವು. ಹೊಸದಾಗಿ ಬಿಳಿ ಬಣ್ಣ ಬಳಿದ, ನಡುವೆ ಗಾಜಿನ ಕಿಟಕಿಯ ಸಣ್ಣ ಖೋಲಿ ಇದ್ದ ಆ ದೋಣಿ ಈಗ ಕೃಷ್ಣೆಯ ನೀರಿನಲ್ಲಿ ತೂಗುತ್ತಿತ್ತು.

ನಾನು ದಂಡೆಯ ಕಲ್ಲು ಬಿಟ್ಟು ಕದಲಲಿಲ್ಲ. ನನಗೆ ನೀರು ಚೊಂಬಿನಲ್ಲಿದ್ದರೆ ಸಾಕು. ನಾನು ಮಸ್ಕಿಯವನು, ನಮ್ಮ ಹಳ್ಳದಲ್ಲಿ ವರ್ಷದ ಬಹುಪಾಲು ಮರಳೇ ಕಾಣುತ್ತದೆ. ಲಿಂಗಸುಗೂರಿನಲ್ಲಿ ವಕೀಲಿ ಮಾಡಿಕೊಂಡಿರುವ ಈ ಕರಿಬಸಯ್ಯನಿಗೆ ಯಾರೋ ಹಳೆಯ ದೋಣಿ ಕೊಳ್ಳುವ ಕಡೆ ಏನು ಕೆಲಸ ಎಂದು ನೀವು ಕೇಳಬಹುದು.

ಕೆಲಸವಿತ್ತು. ಅಮರಗುಂಡಪ್ಪನವರ ಮಿಲ್ಲಿನ ಮೇಸ್ತ್ರಿ ದಾವಲ್‌ಸಾಬ್ ಕೊಲೆಯ ಆಪಾದನೆ ಹೊತ್ತು ಲಿಂಗಸುಗೂರಿನ ಹವಾಲಾತಿನಲ್ಲಿ ಕೂತಿದ್ದ. ನಾಳೆ ಅವನನ್ನು ರಾಯಚೂರಿಗೆ ಒಯ್ಯುವವರಿದ್ದರು. ಅವನ ವಕೀಲ ನಾನು.

ಮಹಾನವಮಿ ಅಮಾವಾಸ್ಯೆಯ ಮರುದಿನ ಹೊಳೆಯ ನಡುವಿನ ನವಿಲುಗುಂಡು ಎಂಬ ಕಲ್ಲುಗಡ್ಡೆಯ ಮೇಲೆ ಮುದುಕ ನನ್ನೇಸಾಬನ ಹೆಣ ಸಿಕ್ಕಿತ್ತು. ತಲೆ ಒಡೆದಿತ್ತು. ಪೊಲೀಸ್ ಆಕ್ಷನ್ ಆದ ವರ್ಷ ಹೈದರಾಬಾದಿಗೆ ಹೋಗಿ ಮರಳಿ ಬಾರದ ಜಾಗೀರದಾರರ ಈ ಹೊಳೆದಂಡೆ ಬಂಗಲೆಯನ್ನು ಕಾಯುತ್ತಿದ್ದವನು ಅವನು. ಅಮಾವಾಸ್ಯೆಯ ಸಂಜೆ ದಾವಲ್‌ಸಾಬ್ ಒಬ್ಬನೇ ಹರಗೋಲಿನಿಂದ ದಂಡೆಗೆ ಇಳಿದದ್ದನ್ನು ಬಟ್ಟೆ ಒಗೆಯುವ ಹೆಂಗಸರು ನೋಡಿದ್ದರು.

"ಆ ದಿನ ತುಂಬಿದ ಹೊಳಿ ಮ್ಯಾಲೆ ಬ್ಯಾರೆ ಯಾವ ದೋಣಿನೂ ಇರಲಿಲ್ಲ. ಗುಂಡಿಗೆ ಹೋಗಿ ಬಂದವ ಇವನೊಬ್ಬನ." ಪೊಲೀಸ್ ಅಮೀನನ ಇಡೀ ಖಟ್ಲೆ ಈ ಮಾತಿನ ಮೇಲೆ ನಿಂತಿತ್ತು. ದಾವಲ್‌ಸಾಬನದೂ ಒಂದೇ ಮಾತು. ಆಚೆ ದಂಡೆಯ ಊರಿನಲ್ಲಿರುವ ಮಗಳು ಲಾಲ್‌ಬೀಯನ್ನು ನೋಡಿಕೊಂಡು ಬಂದೆ, ನನ್ನೇಸಾಬನನ್ನು ಆ ದಿನ ಕಂಡೇ ಇಲ್ಲ.

ಹಾಗಾದರೆ ನಾನು ಮಾಡಬೇಕಾದದ್ದು ಇಷ್ಟೇ. ಆ ದಿನ ಹೊಳೆಯ ಮೇಲೆ ಇನ್ನೊಂದು ದೋಣಿ ಇತ್ತು ಎಂದು ತೋರಿಸಬೇಕು. ಈ ಸೀಮೆಯಲ್ಲಿ ಹರಗೋಲು ಬಿಟ್ಟರೆ ಇದ್ದದ್ದು ಜಾಗೀರದಾರರ ಈ ಮೋಟಾರು ದೋಣಿ ಒಂದೇ.

"ವಕೀಲ್‌ಸಾಬ," ಎಂದು ಹಿಂದಿನಿಂದ ಕರೆದವಳು ದಾವಲ್‌ಸಾಬನ ಹೆಂಡತಿ ಖಾಸಿಂಬೀ. ಮೊದಲ ಬಸ್ಸಿಗೆ ಬಂದು, ಅಲ್ಲಿಂದ ನಡೆದು ಬಂದಿದ್ದಳು. "ನೀವ ಹೇಳಿದ್ರಲ್ಲ, ಬ್ಯಾರೆ ದೋಣಿ ಸಿಕ್ಕರ ನಮ್ಮವರನ್ನ ಬಿಡತಾರಂತ. ಅದಕ್ಕ ಬಂದೆ."

"ನೋಡೋಣ ತಾಯಿ. ಇಲ್ಲೇ ನೆರಳಾಗ ಕುಂದ್ರು."

"ನಿಮ್ಮ ಬಾಯಾಗ ಸಕ್ರಿ ಬೀಳಲಿ," ಎಂದಳು. ನಾನು ಇನ್ನೂ ಸಿಹಿಯಾದದ್ದೇನೂ ಹೇಳಿರಲಿಲ್ಲ.

ದೋಣಿಯ ಮಾರಾಟಗಾರ ಮರಿಸ್ವಾಮಿ ಹಗ್ಗ ಸುತ್ತುತ್ತ ಮಾತಿನ ಮಳೆ ಸುರಿಸುತ್ತಿದ್ದ. ಜಾಗೀರದಾರರ ಮಂಚ, ಕನ್ನಡಿ, ಹಂಡೆಗಳನ್ನೆಲ್ಲ ಸಗಟು ಹಿಡಿದು ಚಿಲ್ಲರೆ ಮಾರುವ ಆಸಾಮಿ. "ಪೊಲೀಸ್ ಆಕ್ಷನ್ ಆದಾಗಿಂದ ಇದು ನೀರ ಕಂಡಿಲ್ಲರಿ ಸಾವಕಾರ್ರ! ಐದು ಬ್ಯಾಸಿಗಿ ಶೆಡ್ಡಿನ್ಯಾಗ ಸುಮ್ನ ಕುಂತೈತಿ. ಸರಕಾರದ ಮುದ್ರಿ ಬಿಚ್ಚಿದ್ದ ಮೊನ್ನೆ, ಬನ್ನಿ ಹಬ್ಬ ಆದ ಮ್ಯಾಲೆ."

"ನಾನೂ ಆಗ ಮೊದಲ ನೋಡಿದ್ದು," ಎಂದರು ಅಮರಗುಂಡಪ್ಪನವರು ನನ್ನ ಕಡೆ ತಿರುಗಿ. ಯಾರೂ ಕೇಳಿರಲಿಲ್ಲ.

ಅವರು ದೋಣಿಗೆ ಕೈ ಹಾಕುವಷ್ಟರಲ್ಲಿ ಅವರ ಹೆಂಡತಿ ಶೇಖರಮ್ಮ ಬುಟ್ಟಿ ಹೊತ್ತು ಇಳಿದು ಬಂದಳು.

"ಉಡಿ ತುಂಬಲಾರದ ಏರತೀರೇನು? ಚಲೋ ಆತಲ್ಲ!"

ದೋಣಿಯ ಮೂತಿಗೆ ಅರಿಷಿಣ ಕುಂಕುಮ ಹಚ್ಚಿ, ಖಣದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಷಿಣ ಬೇರು ಇಟ್ಟು ಉಡಿ ತುಂಬಿದಳು. ಅವರ ಮನೆತನದ ಪದ್ಧತಿಯದು. ಬಂಡಿ ಕೊಂಡರೂ, ಮಿಲ್ಲಿಗೆ ಇಂಜಿನ್ ತಂದರೂ ಮೊದಲು ಉಡಿ. ಆಮೇಲೆ ಆ ಖಣ ಅದರೊಳಗೇ ಕಟ್ಟಿರಬೇಕು.

"ಮಿಲ್ಲಿಗಿ ಇಂಜಿನ್ ಬಂದಾಗ ನಾ ತವರಿಂದ ಬರೂತನಕ ಶುರು ಮಾಡಿಸಲಿಲ್ಲರಿ ಇವರು," ಎಂದು ಶೇಖರಮ್ಮ ನನಗೆ ಹೇಳಿದಳು. "ಉಡಿ ಕಟ್ಟಲಾರದ ಒಂದು ಕೈಗಾಡಿ ಸೈತ ಮುಟ್ಟೋರಲ್ಲ. ಇವತ್ತ ಅವಸರ ನೋಡ್ರಿ! ದೋಣಿ ಹುಚ್ಚು ಹಿಡದೈತಿ."

"ಆತೇಳು, ಹೊತ್ತಾತು," ಎಂದರು ಅಮರಗುಂಡಪ್ಪನವರು. ನಗು ಸ್ವಲ್ಪ ಬಾಡಿತ್ತು.

"ಒಂದ ಬ್ಯಾಸರ ಅಯ್ಯನೋರ. ಪಂಚಮಿಗೆ ಬಳಗಾನೂರಿಂದ ನಮ್ಮ ತವರೋರು ಒಂದ ಥರದ್ದು ಎರಡು ಖಣ ಕೊಟ್ಟಿದ್ರು. ಒಂದು ಹೊಲಿಸಿ ತೊಟ್ಟೀನಿ. ಇನ್ನೊಂದು ಇದಕ್ಕಂತ ಇಟ್ಟಿದ್ದೆ, ಪೆಟ್ಟಿಗ್ಯಾಗ ಕಾಣವಲ್ದು. ಇಲಿ ಒಯ್ದಿತೋ ಏನೋ. ಪ್ಯಾಟಿ ಖಣ ತರಬೇಕಾತು."

ಪರಸ್ತ್ರೀಯ ಕುಪ್ಪಸ ನೋಡುವ ಚಾಳಿ ನನಗಿಲ್ಲ. ಆದರೆ ಆಕೆಯೇ ತೋಳು ಮುಂದೆ ಮಾಡಿ ತೋರಿಸಿದಳು. ಕಡುಹಸಿರು ಖಣ, ಕೆಂಪು ಅಂಚು, ಅಂಚಿನಲ್ಲಿ ಹಳದಿ ಚುಕ್ಕೆಗಳ ಸಾಲು. ಚಂದ ಇತ್ತು, ಚಂದ ಐತಿ ಎಂದೆ.

ಖಾಸಿಂಬೀಯನ್ನು ದಂಡೆಯ ಮೇಲೆ ಬಿಟ್ಟು ನಾವು ನಾಲ್ವರೂ ಏರಿದೆವು. ನಾನು ಶಿವಶಿವ ಎನ್ನುತ್ತ ನಡುವೆ ಕೂತು ಎರಡೂ ಕೈಯಿಂದ ಹಲಗೆ ಹಿಡಿದೆ. ಶೇಖರಮ್ಮ ಉಡಿಯನ್ನು ಮಡಿಲಲ್ಲಿಟ್ಟುಕೊಂಡು ಖೋಲಿಯ ಬಾಗಿಲಲ್ಲಿ ಕೂತಳು. ನಡು ಹೊಳೆಯಲ್ಲಿ ಅಕ್ಕಿ ಕೊಬ್ಬರಿ ಗಂಗವ್ವನಿಗೆ ಕೊಟ್ಟು, ಖಣವನ್ನು ಒಳಗೆ ಕಟ್ಟುವುದಿತ್ತು. ಮರಿಸ್ವಾಮಿ ಚಕ್ರ ಹಿಡಿದು ಇಂಜಿನ್ ಹಚ್ಚಿದ. ಹಿಟ್ಟಿನ ಗಿರಣಿಯ ಸದ್ದೇ ಸದ್ದು.

ದಂಡೆ ಹಿಂದೆ ಸರಿಯಿತು. ಅಮರಗುಂಡಪ್ಪನವರು ಅಂಗೈಯನ್ನು ನೀರಿಗೆ ತಾಕಿಸಿಕೊಂಡು ಕೂತರು.

"ಎರಿ ಹೊಲದಾಗ ಹುಟ್ಟಿದವ ನಾ," ಎಂದರು. "ಸಣ್ಣಾಂವ ಇದ್ದಾಗ ಅಪ್ಪ ಹೊಳಿ ತೋರಿಸಿದ್ದ. ಇಷ್ಟು ನೀರು ಎಲ್ಲಿ ಹೊಂಟೈತಪಾ ಅಂದೆ. ನೀ ಹೋಗಿ ನೋಡು ಅಂದ. ಈಗ ನಮ್ಮ ಕಡೆ ಕಾಲವಿ ಬರತೈತಿ ಅಂತ ತುರ್ವಿಹಾಳ, ಸಾಲಗುಂದ ಎಲ್ಲಾ ಕಡಿ ಮಂದಿ ಭತ್ತದ ಮಾತ ಮಾತು. ನನಗ ಭತ್ತ ಬ್ಯಾಡರಿ. ನೀರಿನ ಮ್ಯಾಲೆ ಕುಂತು ಸುಮ್ನ ಹೋಗಬೇಕು."

ಆ ಮಾತು ನನಗೆ ಹಿಡಿಸಿತು. ಮೊದಲಿನಿಂದಲೂ ಈ ಮನುಷ್ಯನ ಮೇಲೆ ನನಗೆ ಗೌರವ. ಮೇಸ್ತ್ರಿ ಹವಾಲಾತಿಗೆ ಹೋದ ದಿನವೇ ಖಾಸಿಂಬೀಯನ್ನು ನನ್ನ ಮನೆಗೆ ಕರೆತಂದು, ಹೇಗಾದರೂ ಬಿಡಿಸಿಕೊಂಡು ಬನ್ನಿ ಎಂದು ಕೈಮುಗಿದವರು ಅವರೇ. ಎಷ್ಟು ಮಾಲಕರು ಹಾಗೆ ಮಾಡುತ್ತಾರೆ?

ಅಷ್ಟರಲ್ಲಿ ಇಂಜಿನ್ ಕೆಮ್ಮಿ ನಿಂತಿತು. ದೋಣಿ ಅಡ್ಡ ತಿರುಗಿತು, ನನ್ನ ಜೀವ ಬಾಯಿಗೆ ಬಂತು. ಮರಿಸ್ವಾಮಿ ಹಿಡಿಕೆ ತಿರುಗಿಸಿ ಬೆವತ. ಅಮರಗುಂಡಪ್ಪನವರು ಕೂತಲ್ಲಿಂದಲೇ ಹಲಗೆಯ ಕೆಳಗೆ ಕೈ ಹಾಕಿ ಏನನ್ನೋ ತಿರುವಿದರು. ಎಣ್ಣೆ ಇಳಿಯುವ ಚಾವಿ. ಇಂಜಿನ್ ಮತ್ತೆ ಹತ್ತಿತು.

ನಾನದನ್ನು ಕಂಡೆ. ಎಣ್ಣೆ ಮಿಲ್ಲಿನವರು, ಇಂಜಿನ್ ಗೊತ್ತಿರುತ್ತದೆ ಎಂದುಕೊಂಡು ಬಿಟ್ಟೆ. ಆಗ ನನ್ನ ಗಮನವೆಲ್ಲ ನನ್ನ ಪಾದಗಳ ಮೇಲಿತ್ತು.

ನೀರು ಬರುತ್ತದೆಂದು ನಾನು ಚಪ್ಪಲಿ ಬಿಟ್ಟು ಕಾಲು ಮೇಲೆತ್ತಿ ಕೂತವನು. ಬರಲಿಲ್ಲ. ಕಾಲ ಕೆಳಗಿನ ಒಂದು ಹಲಗೆ ಎತ್ತಿ ನೋಡಿದೆ. ದೋಣಿಯ ತಳಕ್ಕೆ ಬೆರಳು ಹಚ್ಚಿದೆ. ಒಣಗಿತ್ತು.

ಮಸ್ಕಿಯಲ್ಲಿ ಬೇಸಿಗೆ ಮುಗಿಯುವ ಹೊತ್ತಿಗೆ ಬಂಡಿಯ ಗಾಲಿಗಳನ್ನು ಬಿಚ್ಚಿ ನೀರಿನಲ್ಲಿ ನೆನೆಹಾಕುತ್ತಾರೆ. ಬಿಸಿಲಿಗೆ ಕಟ್ಟಿಗೆ ಸೊರಗಿ ಕಬ್ಬಿಣದ ಹಳಿ ಸಡಿಲಾಗುತ್ತದೆ, ನೀರು ಕುಡಿದರೆ ಉಬ್ಬಿ ಬಿಗಿಯಾಗುತ್ತದೆ. ನಮ್ಮ ಕಡೆ ಇದು ಗೊತ್ತಿಲ್ಲದವರು ಯಾರಿದ್ದಾರೆ?

"ಮರಿಸ್ವಾಮಿ," ಎಂದೆ, "ನಿಮ್ಮ ಮನಿ ಬಂಡಿ ಗಾಲಿ ಒಂದು ಬ್ಯಾಸಿಗಿ ಒಣಗಿದ್ರ ಏನು ಮಾಡತೀಯಪಾ?"

"ನೀರಾಗ ನೆನಿಹಾಕತೀವಿ. ಯಾಕ್ರಿ?"

"ಈ ದೋಣಿ ಐದು ಬ್ಯಾಸಿಗಿ ಒಣಗೈತಿ ಅಂದಿ. ಹಲಗಿ ಹಲಗಿ ನಡುವ ಬಟ್ಟು ಹೋಗಬೇಕು. ಇಷ್ಟೊತ್ತಿಗೆ ನಾವೆಲ್ಲಾ ಚೊಂಬಿಲೆ ನೀರು ಚೆಲ್ಲಬೇಕಿತ್ತು. ಒಂದು ಹನಿ ಸೋರವಲ್ದಲ್ಲ?"

"ಡಾಂಬರ ಬಡದೀನ್ರಿ. ಚಲೋ ಡಾಂಬರ."

"ಡಾಂಬರು ಸಂದು ಮುಚ್ಚತೈತಿ. ಸೊರಗಿದ ಕಟ್ಟಿಗಿನ್ನ ಉಬ್ಬಸತೈತೇನು? ಈ ಹಲಗಿ ಈಗಾಗಲೆ ನೀರು ಕುಡದಾವ. ಇತ್ತಿತ್ಲಾಗ ಕುಡದಾವ."

"ನಾ ಏನೂ ಇಳಿಸಿಲ್ಲರಿ!"

"ಇಳಿಸಿದಿ ಅಂತ ನಾ ಇನ್ನೂ ಅಂದೇ ಇಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಇದಕ್ಕೇ. ಮರಿಸ್ವಾಮಿಯ ಮುಖ ಕಪ್ಪಿಟ್ಟಿತು. ನಾನು ಬಿಡಲಿಲ್ಲ. ಕೋರ್ಟಿನಲ್ಲಿ ನನಗೆ ಸಿಟ್ಟಿನ ಅಯ್ಯ ಎಂಬ ಹೆಸರಿದೆ, ಅದನ್ನು ಹೊಳೆಯಲ್ಲೂ ಉಳಿಸಿಕೊಂಡೆ.

"ನಿನ್ನ ಎತ್ತು ಮುಂಜಾನೆ ಹಗ್ಗ ಹಾಕೂಕಿಂತ ಮೊದಲ ತಾವ ಹೋಗಿ ನೀರಿನ ಅಂಚಿಗಿ ನಿಂತ್ವು. ದಾರಿ ಗೊತ್ತಿಲ್ಲದ ಎತ್ತು ಹಂಗ ನಿಲ್ಲತಾವೇನಲೇ? ಅಲ್ಲಿ ಒಬ್ಬ ಹೆಣ್ಣುಮಗಳು ದಂಡಿ ಮ್ಯಾಲೆ ಕುಂತಾಳ. ಆಕಿ ಗಂಡನ್ನ ನಾಳೆ ಒಯ್ಯತಾರ. ಅವಗ ಫಾಶಿ ಆದ್ರ ನಿನ್ನ ಹೊಟ್ಟಿಗಿ ಅನ್ನ ಇಳಿಯತೈತೇನು?"

"ಒಂದ ದಿನ ರೀ!" ಎಂದು ಮರಿಸ್ವಾಮಿ ಅಳುವ ಧ್ವನಿಯಲ್ಲಿ ಕೂಗಿದ. "ಅಮಾಸಿ ದಿನ ಒಂದ ದಿನ. ನಸಿಕಿನ್ಯಾಗ ಇಳಿಸಿ ಹಲಗಿ ಉಬ್ಬೂತನಕ ನೀರಾಗ ಬಿಟ್ಟಿದ್ವಿ. ಅಮಾಸಿಗಿ ಯಾರೂ ಎತ್ತು ಹೂಡಂಗಿಲ್ಲ, ಹೊಲದಾಗ ಮಂದಿ ಇರಂಗಿಲ್ಲ, ಅದಕ್ಕ. ಸಪ್ಪಳ ಕೇಳಿದವರು ಗಿರಣಿ ಅಂದ್ಕೊಂಡ್ರು. ಶೆಡ್ಡಿಗಿ ಇನ್ನೂ ಸರಕಾರದ ಮುದ್ರಿ ಇತ್ತು. ತಹಸೀಲದಾರರಿಗಿ ಗೊತ್ತಾದ್ರ ನನ್ನ ಮನಿ ಹಾಳಾಗತಿತ್ತು. ನಾ ಬರೇ ಎಳದು ಕೊಟ್ಟೆ. ದೋಣ್ಯಾಗ ನಾ ಏರಿಲ್ಲ, ಬಸವಣ್ಣನ ಆಣಿ!"

ಅಮಾವಾಸ್ಯೆಯ ದಿನ. ನಾನು ಹೊಳೆಯ ಭಯವನ್ನೂ ಮರೆತು ಎದ್ದು ನಿಂತುಬಿಟ್ಟೆ. ದಾವಲ್‌ಸಾಬ್ ಉಳಿದ! ಅಮೀನನ ಖಟ್ಲೆಯ ಕಂಬವೇ ಮುರಿದಿತ್ತು. ಇಷ್ಟು ಸಂತೋಷ ನನಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

"ಯಾರು ಏರಿದ್ರು? ಹೆಸರು ಹೇಳು."

ಮರಿಸ್ವಾಮಿ ಚಕ್ರ ಬಿಟ್ಟು ಎರಡೂ ಕೈ ಮುಗಿದ. ದೋಣಿ ವಾಲಿತು. ಅಮರಗುಂಡಪ್ಪನವರು ಅವನನ್ನು ಸರಿಸಿ ಚಕ್ರ ಹಿಡಿದರು. ದೋಣಿ ಸೆಳವಿಗೆ ಎದುರಾಗಿ ನೆಟ್ಟಗೆ ನಿಂತಿತು.

ಮೊದಲ ಸಲ ದೋಣಿ ಹತ್ತಿದವರ ಕೈಯಲ್ಲ ಅದು. ಹಲಗೆಯ ಕೆಳಗಿನ ಚಾವಿ ಮತ್ತೆ ನನ್ನ ಕಣ್ಣೆದುರು ಬಂತು. ಎದ್ದು ನಿಂತವನು ಮೆಲ್ಲಗೆ ಕೂತೆ.

"ಅಯ್ಯನೋರ," ಎಂದು ಒಳಗಿನಿಂದ ಶೇಖರಮ್ಮನ ದನಿ ಬಂತು.

ಖಣ ಕಟ್ಟಲು ಆಕೆ ಖೋಲಿಯ ಮುಂದಿನ ಮೂಲೆಗೆ ಹೋಗಿದ್ದಳು. ಹೊರಗೆ ಬಂದಾಗ ಕೈಯಲ್ಲಿ ತಾನು ತಂದ ಉಡಿ ಇರಲಿಲ್ಲ. ಬೇರೊಂದು ಗಂಟು ಇತ್ತು. ಬಿಚ್ಚಿದಳು. ಮುಗ್ಗಿದ ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಅರಿಷಿಣ ಬೇರು. ಕಟ್ಟಿದ ಬಟ್ಟೆ ಕಡುಹಸಿರು ಖಣ, ಕೆಂಪು ಅಂಚು, ಹಳದಿ ಚುಕ್ಕೆ. ಒಂದು ಕಡೆಯ ಅಂಚು ಉದ್ದಕ್ಕೂ ಹರಿದುಹೋಗಿತ್ತು.

ಅದು ಆಕೆಯ ತೋಳಿನ ಮೇಲಿದ್ದ ಖಣವೇ. ಇಲಿ ಒಯ್ದದ್ದಲ್ಲ.

"ಇದನ್ನ ಇಲ್ಲಿ ಕಟ್ಟಿದವರು ಯಾರು ತಂಗಿ?" ಎಂದೆ.

ಶೇಖರಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ನನ್ನ ಬಾಯಿಲೆ ಆ ಹೆಸರು ಬರೂದಿಲ್ಲರಿ ಅಯ್ಯನೋರ."

ನಮ್ಮ ಸೀಮೆಯ ಗರತಿ ಬಾಯಿಂದ ಎತ್ತದ ಹೆಸರು ಒಂದೇ. ಹೇಳದೆಯೇ ಆಕೆ ಹೇಳಿದಂತಾಯಿತು.

ಅಮರಗುಂಡಪ್ಪನವರು ತಿರುಗಿ ನೋಡಲಿಲ್ಲ. ದೋಣಿಯ ಮೂತಿಯನ್ನು ದಂಡೆಯತ್ತ ತಿರುಗಿಸಿದರು.

"ಉಡಿ ತುಂಬಲಾರದ ನಾ ಹೆಂಗ ಏರಲಿ?" ಎಂದರು. ಕಣ್ಣಲ್ಲಿ ನೀರಿತ್ತು. "ಕೊಳ್ಳೂಕಿಂತ ಮೊದಲ ಒಂದ ಸಲ ನೋಡಬೇಕಿತ್ತು. ಇಂಜಿನ್ ಕೆಟ್ಟು ನಡು ನೀರಾಗ ನಿಂತರ, ಎರಿ ಹೊಲದವ ದೋಣಿ ಕೊಳ್ಳಾಕ ಹೊಂಟಾನ ಅಂತ ಸಿಂಧನೂರು ನಗತಿತ್ತು. ಈಕಿಗೂ ಹೇಳಲಿಲ್ಲ. ಅಮಾಸಿ ದಿನ ಎತ್ತು ಹೂಡಿಸಬಾರದಿತ್ತು ನಾ."

"ನನ್ನೇಸಾಬ ನಿಮ್ಮ ಜೋಡಿ ಇದ್ದನೇನು?"

"ಇದ್ದ. ಗುಂಡಿನ ಮ್ಯಾಲಿನ ಗೋರಿಗಿ ಹೂವ ಏರಿಸಬೇಕು, ಬರತೀನಿ ಅಂದ. ಹಳೇ ಇಂಜಿನ್ ನಂಬೂದು ಬ್ಯಾಡಂತ ಹಿಂದ ಒಂದು ಹರಗೋಲು ಕಟ್ಟಿಕೊಂಡಿದ್ವಿ. ಗುಂಡಿಗಿ ಹೋದ ಮ್ಯಾಲೆ ಇಂಜಿನ್ ಕೆಮ್ಮಾಕತ್ತಿತು. ನಿಲ್ಲಿಸಿದ್ರ ಮತ್ತ ಹತ್ತಂಗಿಲ್ಲ, ನೀವು ಹಂಗ ತಿರಿಗಿ ಒಯ್ರಿ, ನಾವು ಹರಗೋಲಿನ್ಯಾಗ ಬರತೀವಿ ಅಂದ ದಾವಲ."

ನನಗೆ ಕೇಳಿಸಿದ್ದು ನಂಬಲಾಗಲಿಲ್ಲ.

"ಯಾರು ಅಂದ್ರಿ?"

"ದಾವಲ್‌ಸಾಬ. ನನ್ನ ಮೇಸ್ತ್ರಿ. ಅವನ್ನ ಬಿಟ್ಟು ಈ ಇಂಜಿನ್ ಯಾರು ಹಚ್ಚತಾರ್ರಿ? ಇಬ್ಬರನ್ನ ಇಳಿಸಿ ಬಂದೆ. ಹರಗೋಲಿನ್ಯಾಗ ಮರಳಿ ಬಂದವ ಅವನೊಬ್ಬನ. ನನ್ನೇಸಾಬ ಎಲ್ಲಿ ಅಂದ್ರ, ನಾಳೆ ಬರತಾನ ಅಂದ. ಅವನ ಮಾರಿ ನೋಡಿ ಮುಂದ ಕೇಳಾಕ ನನಗ ಧೈರ್ಯ ಆಗಲಿಲ್ಲ." ಧೋತರದ ತುದಿಯಿಂದ ಕಣ್ಣೊರಸಿಕೊಂಡರು. "ನಾ ಬಾಯಿ ಬಿಟ್ಟರ ಅವನ ಕುತ್ತಿಗಿಗಿ ಹಗ್ಗ. ಬಿಡದಿದ್ರ ಅಮೀನನ ಕಡೆ ಬಟ್ಟಿ ಒಗ್ಯಾಕ ಬಂದ ಹೆಣ್ಣುಮಕ್ಕಳ ಮಾತು ಬಿಟ್ಟು ಏನೂ ಇಲ್ಲ. ನೀವು ಹೆಂಗರ ಬಿಡಿಸಿಕೊಂಡು ಬರತೀರಿ ಅಂತ ನಂಬಿದ್ದೆ. ನೀವು ನನ್ನ ದೋಣಿ ಸೋರಲಿಲ್ಲ ಅಂತ ಹಿಡದ್ರಿ."

ಈ ಮಾತು ನಿಜವಾದರೆ ನನ್ನ ಕಕ್ಷಿದಾರ ನನಗೇ ಸುಳ್ಳು ಹೇಳಿದ್ದಾನೆ. ಸುಳ್ಳಾದರೆ ಕೊಲೆಗಾರ ನನ್ನೆದುರು ಚಕ್ರ ಹಿಡಿದು ಅಳುತ್ತಿದ್ದಾನೆ. ಗುಂಡಿನ ಮೇಲೆ ನಡೆದದ್ದನ್ನು ನೋಡಿದವರಿಲ್ಲ. ದಾವಲ್‌ಸಾಬ್ ಈ ದೋಣಿಯಲ್ಲಿದ್ದ ಎನ್ನುವುದಕ್ಕೆ ಇವರ ಮಾತೊಂದನ್ನು ಬಿಟ್ಟರೆ ಬೇರೆ ಪುರಾವೆ ಏನಿದೆ? ಮರಿಸ್ವಾಮಿಯನ್ನು ನೋಡಿದೆ. ಅವನು ಹೌದೆನ್ನುವಂತೆ ತಲೆಯಾಡಿಸಿದ. ಆದರೆ ಅವನು ಸಾವುಕಾರರಿಗೆ ದೋಣಿ ಮಾರುವವನು. ಅವನ ಮಾತನ್ನು ನಾನು ಮುಂಜಾನೆಯಿಂದ ಕೇಳುತ್ತಲೇ ಇದ್ದೆ.

ವಕೀಲನ ಬುದ್ಧಿ ಅಷ್ಟು ಬೇಗ ಸಾಯುವುದಿಲ್ಲ. ಇವರೊಬ್ಬರ ಮಾತು ಮುರಿಯುವುದು ದೊಡ್ಡದಲ್ಲ ಎಂದು ನಾನು ಮನಸ್ಸಿನಲ್ಲೇ ಸವಾಲು ಜೋಡಿಸತೊಡಗಿದೆ.

ದೋಣಿ ದಂಡೆಗೆ ತಾಗಿತು. ಖಾಸಿಂಬೀ ಓಡಿ ಬಂದು ಸೀರೆ ತೊಯ್ಯಿಸಿಕೊಂಡು ನೀರಿಗೇ ಇಳಿದಳು.

"ಸಿಕ್ತೇನ್ರಿ ವಕೀಲ್‌ಸಾಬ? ಆ ದಿನ ಈ ದೋಣಿ ಇಳಿದಿತ್ತಂತೇನು?"

ಶೇಖರಮ್ಮ ಕೈಯಲ್ಲಿದ್ದ ಖಣವನ್ನು ನನ್ನ ಕೈಗೆ ಕೊಟ್ಟು, ಯಾರ ಮುಖವನ್ನೂ ನೋಡದೆ ಇಳಿದು ಹೋದಳು. ನಾನು ಅದನ್ನು ಮಡಚಲು ಹೋದೆ. ಖಾಸಿಂಬೀಯ ಕಣ್ಣು ಅದರ ಮೇಲೆ ಬಿತ್ತು. ಆಕೆಯ ಮುಖ ಅರಳಿತು.

"ಅಯ್ಯ, ಇದ ಖಣ ರೀ! ಇದ ಕೆಂಪು ಅಂಚು, ಇದ ಹಳದಿ ಚುಕ್ಕಿ. ಅಮಾಸಿ ದಿನ ನಮ್ಮವರು ಕೈ ಕೊಯ್ಕೊಂಡು ಬಂದಾಗ ಇದರ ಅಂಚು ಹರದು ಗಾಯಕ್ಕ ಕಟ್ಟಿತ್ತು. ಎಲ್ಲೀದು ಅಂದ್ರ ಹೇಳಲಿಲ್ಲ. ರಕ್ತ ತೊಳದು ಮನ್ಯಾಗ ಜ್ವಾಪಾನ ಇಟ್ಟೀನಿ."

ಆಕೆ ಹರಿದ ಅಂಚನ್ನು ಬೆರಳಿನಿಂದ ಸವರಿದಳು. ನನ್ನ ಮುಖವನ್ನು ನೋಡಿದಳು.

"ತರಲೇನ್ರಿ? ಅದನ್ನ ತೋರಿಸಿದ್ರ ನಮ್ಮವರನ್ನ ಬಿಡತಾರೇನ್ರಿ?"